ಮರೀನ್ ಯಾರು, ಸೇನೆ ಯಾವುದು: ಬೆನ್ನ ಹಿಂದೆ ನೋಡಿ ಗುರುತಿಸುವುದು ಹೇಗೆ

ಬೆಳಗ್ಗೆ ಐದಕ್ಕೆ ಮಂಡ್ಯದ ಸರ್ ಎಂ.ವಿ. ಕ್ರೀಡಾಂಗಣದಲ್ಲಿ ನಾನು ಹುಡುಗರನ್ನು ಓಡಿಸುತ್ತೇನೆ. ನನ್ನೂರು ಪಾಂಡವಪುರದ ಕಡೆ ಒಂದು ಹಳ್ಳಿ. ಸೇನೆಯಲ್ಲಿ, ಕಾಲಾಳು ಪಡೆಯಲ್ಲಿ, 24 ವರ್ಷ ಇದ್ದು ಹವಾಲ್ದಾರ್ ಆಗಿ ಊರಿಗೆ ಬಂದೆ. ಈಗ ಭರ್ತಿಗೆ ಹೋಗುವ ಹುಡುಗರಿಗೆ ಓಟ, ಪುಲ್‌ಅಪ್, ಸ್ವಲ್ಪ ಸಾಮಾನ್ಯ ಜ್ಞಾನ ಹೇಳಿಕೊಡುತ್ತೇನೆ. ದುಡ್ಡು ತಗೊಳ್ಳುವುದಿಲ್ಲ.

ಕಳೆದ ವರ್ಷ ಒಬ್ಬ ಹುಡುಗ ಓಟ ಮುಗಿಸಿ ಏದುಸಿರು ಬಿಡುತ್ತಾ ಬಂದ. "ಸಾರ್, ನಾನು ಆರ್ಮಿಗೆ ಹೋಗಲ್ಲ. ಮರೀನ್‌ಗೆ ಹೋಯ್ತೀನಿ. ಅಪ್ಪ ಆಗ್ಲೇ ಅಡ್ವಾನ್ಸ್ ಕಟ್ಟವ್ರೆ" ಅಂದ. ನನಗೆ ಎದೆ ಧಸಕ್ ಅಂತು. ರಸೀದಿ ತರಿಸಿ ನೋಡಿದೆ. ಯಾವುದೋ ಖಾಸಗಿ ಸಂಸ್ಥೆಯದು. ಅದರಲ್ಲಿದ್ದದ್ದು ಸರಕು ಹಡಗಿನ ಇಂಜಿನ್ ಕೆಲಸದ ಕೋರ್ಸು. ಬಂದೂಕಿಗೂ ಅದಕ್ಕೂ ಸಂಬಂಧವೇ ಇಲ್ಲ. ನಲವತ್ತು ಸಾವಿರ ಕಟ್ಟಿದ್ದರು. ಕಬ್ಬಿನ ಬಿಲ್ಲು ಬಂದಿದ್ದ ದುಡ್ಡು.

ಸಂಜೆ ಅವರ ಮನೆಗೆ ಹೋದೆ. "ಮರೀನು ಅಂದ್ರೆ ಅದೂ ಮಿಲ್ಟ್ರಿನೇ ಅಂದ್ಕಂಡೆ ಕಣಣ್ಣ" ಅಂದರು ಅವರಪ್ಪ. ತಪ್ಪು ಅವರದ್ದಲ್ಲ. ಇಲ್ಲಿಂದ ಸಮುದ್ರ ನೋಡಬೇಕೆಂದರೆ ಘಟ್ಟ ಇಳಿಯಬೇಕು. ನಮ್ಮ ಮನೆಗಳಲ್ಲಿ ಈ ಮಾತುಗಳ ಬಳಕೆಯೇ ಇಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮೊದಲು ಮಾತನ್ನು ಬಿಡಿಸಿಕೊಳ್ಳಿ

ಇಂಗ್ಲಿಷಿನ ಒಂದೇ ಪದ ನಮ್ಮಲ್ಲಿ ಎರಡು ಉಚ್ಚಾರಣೆ ಪಡೆದಿದೆ. ಮೆರೈನ್ ಇಂಜಿನಿಯರ್ ಅಂದರೆ ಹಡಗಿನ ಇಂಜಿನ್ ನೋಡಿಕೊಳ್ಳುವವನು. ಮರ್ಚೆಂಟ್ ನೇವಿ ಅಂದರೆ ಸರಕು ಸಾಗಿಸುವ ಹಡಗುಗಳ ಕೆಲಸ. ಒಳ್ಳೆಯ ಸಂಬಳ ಇದೆ, ಮರ್ಯಾದೆಯ ಕೆಲಸ. ಆದರೆ ಅದು ಸಶಸ್ತ್ರ ಪಡೆ ಅಲ್ಲ. ಕೋಸ್ಟ್ ಗಾರ್ಡ್ ಬೇರೆ. ಅದು ರಕ್ಷಣಾ ಸಚಿವಾಲಯದ ಕೆಳಗೆ ಕರಾವಳಿ ಕಾಯುವ ಪಡೆ. ನೌಕಾಪಡೆ ಅಂದರೆ ಯುದ್ಧದ ಹಡಗುಗಳ ಪಡೆ.

ಇನ್ನು ಮರೀನ್. ಹಡಗಿನಲ್ಲಿ ಬಂದು ದಡಕ್ಕೆ ಇಳಿದು ನೆಲದ ಮೇಲೆ ಕಾದಾಡುವ ಯೋಧ. ಇದು ಹಳೆಯ ಕಸುಬು. ಸ್ಪೇನ್ ದೇಶದವರು ತಮ್ಮ ಮರೀನ್ ಪಡೆಯ ಹುಟ್ಟನ್ನು 1537ರಿಂದ ಲೆಕ್ಕ ಹಾಕುತ್ತಾರೆ. ಬ್ರಿಟಿಷರದು 1664. ಅಮೆರಿಕದವರದು 1775ರ ನವೆಂಬರ್ 10. ಆ ಕಾಲದಲ್ಲಿ ಇವರು ಹಡಗಿನ ಮೇಲೆಯೇ ನಿಂತು ಶತ್ರು ಹಡಗಿನವರ ಮೇಲೆ ಗುಂಡು ಹಾರಿಸುತ್ತಿದ್ದರು. ಅಗತ್ಯ ಬಿದ್ದಾಗ ದಡಕ್ಕೂ ಇಳಿಯುತ್ತಿದ್ದರು. ಈಗ ದಡಕ್ಕೆ ಇಳಿಯುವುದೇ ಅವರ ಮುಖ್ಯ ಕೆಲಸ.

"ಹಾಗಾದರೆ ಸೈನಿಕ, ಮರೀನ್ ಎರಡೂ ಒಂದೇ ಅಲ್ವಾ ಸಾರ್? ಇಬ್ಬರೂ ನೆಲದ ಮೇಲೆ ತಾನೇ ಕಾದಾಡೋದು?" ಎಂದು ಹುಡುಗರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಬಟ್ಟೆ, ಬಂದೂಕು, ಟೋಪಿ ನೋಡಿದರೆ ಉತ್ತರ ಸಿಗುವುದಿಲ್ಲ. ಅವನ ಬೆನ್ನ ಹಿಂದೆ ಏನಿದೆ ನೋಡಬೇಕು.

ಬೆನ್ನ ಹಿಂದೆ ಏನಿದೆ?

ಇದನ್ನು ಹೇಳಿಕೊಡಲು ನಾನು ಹುಡುಗರನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುತ್ತೇನೆ. ಕೋಟೆಯ ಪಶ್ಚಿಮದ ಕಡೆ, ಗೋಡೆ ಒಡೆದ ಜಾಗದ ಹತ್ತಿರ ನಿಂತರೆ ಕೆಳಗೆ ಕಾವೇರಿ. ಬೇಸಿಗೆಯಲ್ಲಿ ಬಂಡೆಗಳೆಲ್ಲ ಮೇಲೆದ್ದಿರುತ್ತವೆ. 1799ರ ಮೇ 4ರ ಮಧ್ಯಾಹ್ನ, ಒಂದು ಗಂಟೆ ಹೊತ್ತಿಗೆ, ಬ್ರಿಟಿಷರ ಪಡೆ ಈ ಬಂಡೆಗಳ ನಡುವೆ ನೀರಿಗಿಳಿದು ಬಂತು. ಮುಂದೆ ಇದ್ದವನು ಅವರ ಸೇನಾಧಿಕಾರಿ ಬೇರ್ಡ್. ಕೆಲವೇ ನಿಮಿಷದಲ್ಲಿ ಒಡೆದ ಗೋಡೆ ಹತ್ತಿದರು. ಟಿಪ್ಪು ಸುಲ್ತಾನ್ ಸತ್ತದ್ದು ಅದೇ ದಿನ.

ನೀರು ದಾಟಿ ಬಂದರು, ಎದುರಿಂದ ಗುಂಡು ಬೀಳುತ್ತಿತ್ತು. ಹಾಗಾದರೆ ಅವರು ಮರೀನ್ ಅಲ್ವಾ? ಅಲ್ಲ. ಆಚೆ ದಡ ನೋಡಿ. ಅಲ್ಲಿ ಅವರ ಫಿರಂಗಿಗಳಿದ್ದವು. ಡೇರೆಗಳಿದ್ದವು. ಎತ್ತುಗಳು, ಅಕ್ಕಿ, ಮದ್ದು ಎಲ್ಲವೂ ಅದೇ ನೆಲದ ಮೇಲೆ ಇದ್ದವು. ದಾಳಿ ಸೋತಿದ್ದರೂ ತಿರುಗಿ ಓಡಿದರೆ ಗಟ್ಟಿ ನೆಲ ಸಿಗುತ್ತಿತ್ತು. ಅವರಿಗೆ ಇದ್ದ ದೊಡ್ಡ ಭಯ ಮುಂಗಾರು. ಹೊಳೆ ತುಂಬುವ ಮೊದಲು ಮುಗಿಸಬೇಕು ಅನ್ನುವ ಆತುರ. ಇದು ಸೇನೆಯ ಲೆಕ್ಕಾಚಾರ. ಸೇನೆ ನೆಲದ ಮೇಲೆ ಬೇರು ಬಿಡುತ್ತದೆ. ಹಿಂದೆ ರಸ್ತೆ ಇರುತ್ತದೆ.

ನಾನು ಕಾಶ್ಮೀರದ ಕುಪ್ವಾರದಲ್ಲಿ ಇದ್ದಾಗ ಹಿಮದಲ್ಲಿ ಪೋಸ್ಟ್ ಕಾಯುತ್ತಿದ್ದೆವು. ಆದರೂ ಕೆಳಗೆ ಎಲ್ಲೋ ರಸ್ತೆ ಇದೆ, ಅದರ ಮೇಲೆ ಎ.ಎಸ್.ಸಿ. (ಸೇನೆಗೆ ಸಾಮಾನು ಸಾಗಿಸುವ ವಿಭಾಗ) ಗಾಡಿಗಳು ಬರುತ್ತವೆ ಅನ್ನುವ ಧೈರ್ಯ ಇತ್ತು. ಆಟಾ, ಬೇಳೆ, ಸೀಮೆಎಣ್ಣೆ, ಊರಿನ ಕಾಗದ, ಎಲ್ಲ ಅದೇ ದಾರಿಯಲ್ಲಿ. ಗಾಯವಾದರೆ ಇಳಿಸಲು ಸೇನೆಯದೇ ಡಾಕ್ಟರು, ಸೇನೆಯದೇ ಆಸ್ಪತ್ರೆ. ಕಬ್ಬು ಅರೆಯುವ ಕಾಲದಲ್ಲಿ ಕಾರ್ಖಾನೆ ಮುಂದೆ ಗಾಡಿಗಳ ಸಾಲು ನಿಂತಿರುತ್ತಲ್ಲ, ಹಾಗೆ ಸೇನೆಯ ಬೆನ್ನಿಗೆ ಒಂದು ಸಾಲು ಯಾವಾಗಲೂ ಇರುತ್ತದೆ. ಆ ಸಾಲು ತುಂಡಾಗದೇ ಇದ್ದರೆ ಸೇನೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಒಂದೇ ಜಾಗ ಹಿಡಿದು ನಿಲ್ಲಬಹುದು.

ಮರೀನ್‌ಗೆ ಈ ಸಾಲಿಲ್ಲ. ಅವನ ಬೆನ್ನಿಗೆ ಬರೀ ನೀರು. ಆ ನೀರಿನ ಮೇಲೆ ಹಡಗು. ಅವನ ಊಟ, ಗುಂಡು, ಹಾಸಿಗೆ, ಆಪರೇಷನ್ ಟೇಬಲ್ಲು ಎಲ್ಲ ಆ ಹಡಗಿನಲ್ಲಿ. ನಾವು ಸೇನೆಯಲ್ಲಿ ಅಡುಗೆಮನೆಗೆ ಲಂಗರ್ ಅನ್ನುತ್ತೇವೆ. ಕನ್ನಡದಲ್ಲಿ ಹಡಗು ನಿಲ್ಲಿಸಲು ನೀರಿಗೆ ಬಿಡುವ ಕೊಕ್ಕೆಗೂ ಲಂಗರು ಅಂತಲೇ ಹೆಸರು. ಹುಡುಗರಿಗೆ ನಾನು ಇದನ್ನೇ ಹೇಳುವುದು: ಸೈನಿಕನ ಲಂಗರ್ ರಸ್ತೆಯಲ್ಲಿ ಅವನ ಹಿಂದೆ ಬರುತ್ತದೆ, ಮರೀನ್‌ನ ಲಂಗರ್ ಲಂಗರು ಹಾಕಿದ ಕಡೆ ಇರುತ್ತದೆ. ಒಮ್ಮೆ ಕೇಳಿದವರು ಮರೆಯುವುದಿಲ್ಲ.

ನಾನು ಇಳಿದ ದಿನ

ತಿರುವನಂತಪುರದಲ್ಲಿ ನಮ್ಮ ಸೇನೆಯ 91ನೇ ಇನ್‌ಫೆಂಟ್ರಿ ಬ್ರಿಗೇಡ್ ಇದೆ. ಹಡಗಿನಿಂದ ದಡಕ್ಕೆ ಇಳಿಯುವ ತರಬೇತಿ ಪಡೆದ ಬ್ರಿಗೇಡ್ ಅದು. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಎರಡು ವರ್ಷ ಅಲ್ಲಿದ್ದೆ. ಅಲ್ಲಿಯವರೆಗೂ ನನಗೆ ನೀರು ಅಂದರೆ ವಿ.ಸಿ. ನಾಲೆ, ಕನ್ನಂಬಾಡಿ, ಅಷ್ಟೇ.

ಅಭ್ಯಾಸದ ದಿನ ರಾತ್ರಿ ಎರಡಕ್ಕೆ ಎಬ್ಬಿಸಿದರು. ಹಡಗಿನ ಹೊಟ್ಟೆಯೊಳಗೆ ಗಾಡಿಗಳನ್ನು ಚೈನು ಹಾಕಿ ನೆಲಕ್ಕೆ ಬಿಗಿದಿದ್ದರು. ಅವುಗಳ ಪಕ್ಕದಲ್ಲಿ ನಾವು ಸಾಲಾಗಿ ಕೂತಿದ್ದೆವು. ಡೀಸೆಲ್ ಹೊಗೆ, ಬೆವರು, ಯಾರೋ ವಾಂತಿ ಮಾಡಿಕೊಂಡ ವಾಸನೆ. ಕಿಟಕಿ ಇಲ್ಲ. ಹಡಗು ಎತ್ತಿ ಹಾಕಿದಾಗ ಕಬ್ಬಿಣದ ಗೋಡೆ ಬೆನ್ನಿಗೆ ತಣ್ಣಗೆ ತಾಗುತ್ತಿತ್ತು. ರೈಫಲ್ಲಿನ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದೆ. ಆ ರಬ್ಬರ್ ಬ್ಯಾಂಡನ್ನೇ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದೆ.

ದಡ ಹತ್ತಿರ ಬಂದಾಗ ಹಡಗಿನ ಹಿಂಭಾಗದಿಂದ ಲಂಗರು ಬಿಟ್ಟ ಸದ್ದು ಕೇಳಿಸಿತು. ಅದು ಯಾಕೆ ಅಂತ ನೌಕಾಪಡೆಯ ಒಬ್ಬ ನಾವಿಕ ಮೊದಲೇ ಹೇಳಿದ್ದ. ಈ ಥರದ ಹಡಗು ಬೇಕಂತಲೇ ಮೂಗನ್ನು ಮರಳಿಗೆ ತಾಗಿಸಿ ನಿಲ್ಲುತ್ತದೆ. ವಾಪಸ್ ಹೋಗುವಾಗ ಹಿಂದೆ ಬಿಟ್ಟ ಲಂಗರಿನ ಹಗ್ಗವನ್ನೇ ಎಳೆದುಕೊಂಡು ತನ್ನನ್ನು ತಾನು ಬಿಡಿಸಿಕೊಳ್ಳಬೇಕು. ಆಮೇಲೆ ಅಡಿಯಲ್ಲಿ ಗರಗರ ಅಂತ ಉಜ್ಜಿತು. ಮುಂದಿನ ಬಾಗಿಲು ತೆರೆಯಿತು. ಇಷ್ಟು ಹೊತ್ತು ಕತ್ತಲಲ್ಲಿದ್ದ ಕಣ್ಣಿಗೆ ಬೆಳಕು, ಮುಖಕ್ಕೆ ಉಪ್ಪು ಗಾಳಿ. ಇಳಿಜಾರಿನ ಮೇಲೆ ಓಡಿ ಇಳಿದರೆ ನೀರು ಎದೆಮಟ್ಟ. ರೈಫಲ್ ತಲೆ ಮೇಲೆ. ಅಲೆ ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ, ನಿಂತಲ್ಲೇ ಕುಸಿದ ಹಾಗೆ ಆಗುತ್ತದೆ. ನಾಲೆ ನೀರು ಒಂದೇ ಕಡೆ ತಳ್ಳುತ್ತದೆ. ಸಮುದ್ರ ಎರಡೂ ಕಡೆ ಎಳೆಯುತ್ತದೆ.

ದಡ ಹತ್ತಿ ಮಲಗಿದೆ. ತಿರುಗಿ ನೋಡಿದಾಗ ಹಡಗು ಮೆಲ್ಲಗೆ ಹಿಂದೆ ಸರಿಯುತ್ತಿತ್ತು. ಶತ್ರು ಇಲ್ಲದ ಬರೀ ಅಭ್ಯಾಸ ಅದು. ಆದರೂ ನನ್ನ ಹೊಟ್ಟೆಯೊಳಗೆ ಏನೋ ಖಾಲಿಯಾಯಿತು. ಹದಿನೆಂಟು ವರ್ಷ ಬೆನ್ನಿಗೆ ರಸ್ತೆ ಇಟ್ಟುಕೊಂಡು ಬದುಕಿದವನು ನಾನು. ಮರೀನ್ ಅನ್ನುವವನು ಪ್ರತಿ ಸಲ ಹೀಗೇ ನಿಲ್ಲುತ್ತಾನೆ ಅಂತ ಅವತ್ತು ಗೊತ್ತಾಯಿತು. ರಾತ್ರಿ ರೈಫಲ್ ಬಿಚ್ಚಿದರೆ ಬೋಲ್ಟಿನ ಮೂಲೆಯಲ್ಲಿ ಆಗಲೇ ಕೆಂಪಗೆ ತುಕ್ಕಿನ ಗೆರೆ. ಉಪ್ಪು ನೀರು ಒಂದು ದಿನ ಕೂಡ ಕಾಯುವುದಿಲ್ಲ.

ನೀರಿನ ಲೆಕ್ಕ

ನಮ್ಮೂರಲ್ಲಿ ಬೆಳಗ್ಗೆ ಪೇಪರ್ ತೆಗೆದರೆ ಮೊದಲು ನೋಡುವುದು ಕನ್ನಂಬಾಡಿ ಮಟ್ಟ. 124.80 ಅಡಿ ತುಂಬಿತೋ ಇಲ್ಲವೋ ಅನ್ನುವುದರ ಮೇಲೆ ನಮ್ಮ ಭತ್ತ, ಕಬ್ಬು ನಿಂತಿದೆ. ಮರೀನ್‌ಗಳು ಉಬ್ಬರ ಇಳಿತದ ಪಟ್ಟಿಯನ್ನು ಹಾಗೆ ನೋಡುತ್ತಾರೆ. ಬೆಳೆ ಅಲ್ಲ, ಪ್ರಾಣವೇ ಅದರ ಮೇಲೆ ನಿಂತಿರುತ್ತದೆ.

ಕೊರಿಯಾದ ಇಂಚಾನ್ ಬಂದರಿನಲ್ಲಿ ಸಮುದ್ರ ಸುಮಾರು 30 ಅಡಿ ಏರಿ ಇಳಿಯುತ್ತದೆ. ಅದೂ ತಿಂಗಳಿಗೊಮ್ಮೆ ಅಲ್ಲ, ದಿನಕ್ಕೆ ಎರಡು ಸಲ. ನೀರು ಇಳಿದರೆ ಉಳಿಯುವುದು ಬರೀ ಕೆಸರು. 1950ರ ಸೆಪ್ಟೆಂಬರ್ 15ರಂದು ಅಮೆರಿಕದ ಮರೀನ್‌ಗಳು ಬೆಳಗಿನ ಉಬ್ಬರದಲ್ಲಿ ಒಂದು ಚಿಕ್ಕ ದ್ವೀಪ ಹಿಡಿದರು. ಆಮೇಲೆ ನೀರು ಇಳಿಯಿತು. ಮುಂದಿನ ಪಡೆ ಇಳಿಯಲು ಸಂಜೆಯ ಉಬ್ಬರ ಬರುವವರೆಗೂ ಕಾಯಲೇಬೇಕಾಯಿತು. ಅಷ್ಟು ಹೊತ್ತೂ ದ್ವೀಪದಲ್ಲಿದ್ದವರು ಅಲ್ಲಿಯೇ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ತರಾವಾ ಇದೆ. ಶಾಂತ ಸಾಗರದ ಒಂದು ಹವಳದ ದ್ವೀಪ, 1943ರ ನವೆಂಬರ್. ನೀರು ಅಂದುಕೊಂಡಷ್ಟು ಏರಲಿಲ್ಲ. ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು. ಮರೀನ್‌ಗಳು ಇಳಿದು, ಗುಂಡಿನ ಮಳೆಯಲ್ಲಿ, ಅರ್ಧ ಕಿಲೋಮೀಟರಿನಷ್ಟು ದೂರ ನೀರಿನಲ್ಲೇ ನಡೆದರು. 76 ಗಂಟೆಗಳಲ್ಲಿ ಸಾವಿರಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು.

ನಮ್ಮವರಿಗೂ ಇದರ ನೋವಿದೆ. 1971ರ ಡಿಸೆಂಬರ್‌ನಲ್ಲಿ, ಬಾಂಗ್ಲಾ ಯುದ್ಧದ ಕೊನೆಯ ದಿನಗಳಲ್ಲಿ, ಕಾಕ್ಸ್ ಬಜಾರ್ ದಡಕ್ಕೆ ಗೋರ್ಖಾ ಜವಾನರನ್ನು ಹಡಗಿನಿಂದ ಇಳಿಸಲು ಹೋದರು. ಹಡಗು ದಡಕ್ಕೆ ಮುಂಚೆಯೇ ಮರಳಿನ ದಿಣ್ಣೆಗೆ ತಾಗಿತು. ದಿಣ್ಣೆಯಾಚೆ ಆಳ. ಇಳಿದವರಲ್ಲಿ ಕೆಲವರು ಮುಳುಗಿ ತೀರಿಕೊಂಡರು. ಬೆಟ್ಟದ ಹುಡುಗರು, ನೆಲದ ಮೇಲೆ ಅವರಿಗೆ ಸಮ ಯಾರೂ ಇಲ್ಲ. ಈ ಕತೆ ಹೇಳುವಾಗ ನನಗೆ ನನ್ನ ಬ್ಯಾಚಿನ ಹುಡುಗರ ಮುಖಗಳೇ ಕಣ್ಣ ಮುಂದೆ ಬರುತ್ತವೆ. ಒಳ್ಳೆಯ ಸೈನಿಕನನ್ನು ದೋಣಿಯಲ್ಲಿ ಕೂರಿಸಿದ ಮಾತ್ರಕ್ಕೆ ಅವನು ಮರೀನ್ ಆಗುವುದಿಲ್ಲ.

ಯಾರ ಮಾತು ಕೇಳುತ್ತಾರೆ, ಎಷ್ಟು ದಿನಕ್ಕೆ ಹೊರುತ್ತಾರೆ

ಬೆನ್ನ ಹಿಂದೆ ನೋಡಿದ ಮೇಲೆ ಎರಡನೆಯ ಪ್ರಶ್ನೆ: ಇವರ ಯಜಮಾನ ಯಾರು? ಇದು ದೇಶಕ್ಕೊಂದು ಥರ. ಬ್ರಿಟನ್ನಿನ ರಾಯಲ್ ಮರೀನ್ಸ್ ಅಲ್ಲಿನ ನೌಕಾಪಡೆಯ ಭಾಗವೇ. ಅಮೆರಿಕದ ಮರೀನ್ ಪಡೆ ನೌಕಾ ಇಲಾಖೆಯ ಕೆಳಗಿದ್ದರೂ ನೌಕಾಪಡೆಯ ಒಂದು ತುಂಡಲ್ಲ. ಅದಕ್ಕೆ ತನ್ನದೇ ಮುಖ್ಯಸ್ಥ, ತನ್ನದೇ ತರಬೇತಿ. ಜಪಾನ್ 2018ರಲ್ಲಿ ಇದೇ ಕೆಲಸಕ್ಕೆ ಒಂದು ಬ್ರಿಗೇಡ್ ಕಟ್ಟಿತು, ಆದರೆ ಅದನ್ನು ಇಟ್ಟಿದ್ದು ಭೂಸೇನೆಯೊಳಗೆ.

ಮೂರನೆಯದು ಗಂಟಿನ ಲೆಕ್ಕ. ಅಮೆರಿಕದ ಮರೀನ್‌ಗಳ ಒಂದು ಚಿಕ್ಕ ತಂಡ ಅಂದರೆ ಸುಮಾರು 2,200 ಜನ, ಸಾಮಾನ್ಯವಾಗಿ ಮೂರು ಹಡಗುಗಳಲ್ಲಿ. ಹೊರಗಿನಿಂದ ಏನೂ ಬರದಿದ್ದರೂ 15 ದಿನ ಕಾದಾಡುವಷ್ಟು ಸಾಮಾನು ಅವರ ಜೊತೆಗೇ ಇರುತ್ತದೆ. ಅಷ್ಟರಲ್ಲಿ ಕೆಲಸ ಮುಗಿಸಬೇಕು, ಇಲ್ಲವೇ ಹಿಂದಿನಿಂದ ದೊಡ್ಡ ಪಡೆ ಬರಬೇಕು. ಬಾಗಿಲು ಒದ್ದು ತೆಗೆಯುವವನು ಮರೀನ್, ಒಳಗೆ ಬಂದು ಮನೆ ಹಿಡಿದು ಕೂರುವುದು ಸೇನೆ ಅಂತ ನಾನು ಹೇಳಿಕೊಡುತ್ತೇನೆ. ಪೂರ್ತಿ ಸರಿಯಲ್ಲ, ಆದರೆ ಹೊಸಬರಿಗೆ ಇಷ್ಟು ಸಾಕು.

ಹಡಗಿನಲ್ಲಿ ಹೊತ್ತು ತರಬೇಕಾದ್ದರಿಂದ ಭಾರದ ಸಾಮಾನು ಕಮ್ಮಿ. 2020ರಲ್ಲಿ ಅಮೆರಿಕದ ಮರೀನ್ ಪಡೆ ತನ್ನ ಟ್ಯಾಂಕುಗಳನ್ನೇ ಬಿಟ್ಟುಬಿಡುವ ತೀರ್ಮಾನ ಮಾಡಿತು. ಅದೇ ಪಡೆಗೆ ತನ್ನದೇ ಯುದ್ಧ ವಿಮಾನಗಳಿವೆ. ಎಫ್-35ಬಿ ಅನ್ನುವ ವಿಮಾನ ಸ್ವಲ್ಪ ದೂರ ಓಡಿ ಹಾರುತ್ತದೆ, ಹಡಗಿನ ಮೇಲೆ ನೆಟ್ಟಗೆ ಇಳಿಯುತ್ತದೆ. ಆದರೆ ಡಾಕ್ಟರು ಇವರದ್ದಲ್ಲ! ಗಾಯಾಳುವಿನ ಪಕ್ಕ ಓಡಿ ಬಂದು ಕೂರುವವನು ನೌಕಾಪಡೆಯವನು. ನಮ್ಮ ಸೇನೆಯಲ್ಲಿ ಅಡುಗೆಯವರಿಂದ ಸರ್ಜನ್‌ವರೆಗೂ ಎಲ್ಲ ನಮ್ಮವರೇ. ಅದಕ್ಕೇ ಸೇನೆ ದೊಡ್ಡದು, ನಿಧಾನ.

ಒಂದು ಎಚ್ಚರಿಕೆ. ಸಮುದ್ರದಿಂದ ಇಳಿದವರೆಲ್ಲ ಮರೀನ್ ಅಂತ ಬರೆದುಬಿಡಬೇಡಿ. 1944ರ ಜೂನ್ 6ರಂದು ನಾರ್ಮಂಡಿಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಜನ ಇಳಿದರು. ಅಲ್ಲಿ ದಡಕ್ಕೆ ನುಗ್ಗಿದ ಅಮೆರಿಕದ ಡಿವಿಷನ್‌ಗಳು ಭೂಸೇನೆಯವು. ಅವರ ಮರೀನ್‌ಗಳು ಆಗ ಶಾಂತ ಸಾಗರದಲ್ಲಿದ್ದರು. ನಾನೂ ತಿರುವನಂತಪುರದಲ್ಲಿ ಎದೆಮಟ್ಟ ನೀರಿಗೆ ಇಳಿದವನೇ. ಆದರೂ ನಾನು ಸೈನಿಕ.

ಕ್ಯಾಪ್ಟನ್ ಅನ್ನುವ ಪದವೂ ಮೋಸ ಮಾಡುತ್ತದೆ. ಸೇನೆಯ ಕ್ಯಾಪ್ಟನ್ ಇನ್ನೂ ಚಿಕ್ಕ ವಯಸ್ಸಿನ ಅಧಿಕಾರಿ. ನೌಕಾಪಡೆಯ ಕ್ಯಾಪ್ಟನ್ ನಮ್ಮ ಕರ್ನಲ್‌ಗೆ ಸಮ. ಮರೀನ್ ಕ್ಯಾಪ್ಟನ್ ಅಂದರೆ ಸೇನೆಯ ಲೆಕ್ಕ ಹಿಡಿಯಿರಿ.

ನಮ್ಮ ದೇಶದಲ್ಲಿ ಯಾವ ಬಾಗಿಲು ತಟ್ಟಬೇಕು

ಭಾರತದಲ್ಲಿ ಪ್ರತ್ಯೇಕ ಮರೀನ್ ಪಡೆ ಇಲ್ಲ. ಇದನ್ನು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ. ಯಾರಾದರೂ "ಇಂಡಿಯನ್ ಮರೀನ್ಸ್‌ಗೆ ಸೇರಿಸುತ್ತೇವೆ" ಅಂದರೆ ಅಲ್ಲಿಂದ ಎದ್ದು ಬನ್ನಿ.

ದಡಕ್ಕೆ ಇಳಿಯುವ ಕೆಲಸವನ್ನು ನಮ್ಮಲ್ಲಿ ಸೇನೆಯ ಬ್ರಿಗೇಡುಗಳು ನೌಕಾಪಡೆಯ ಹಡಗು ಹತ್ತಿ ಮಾಡುತ್ತವೆ. ಅದಕ್ಕೆಂದೇ ಇರುವ ಹಡಗುಗಳಲ್ಲಿ ದೊಡ್ಡದು ಐ.ಎನ್.ಎಸ್. ಜಲಾಶ್ವ. ಅಮೆರಿಕದಿಂದ ಕೊಂಡು 2007ರಲ್ಲಿ ಸೇರಿಸಿಕೊಂಡದ್ದು. ಇದು ಮರಳಿಗೆ ಮೂಗು ತಾಗಿಸುವುದಿಲ್ಲ. ದೂರದಲ್ಲೇ ನಿಂತು ಹಿಂಭಾಗಕ್ಕೆ ನೀರು ತುಂಬಿಸಿಕೊಂಡು ಸ್ವಲ್ಪ ಮುಳುಗುತ್ತದೆ, ಒಳಗಿರುವ ದೋಣಿಗಳು ತೇಲಿ ಹೊರಗೆ ಬರುತ್ತವೆ. 2020ರ ಮೇ ತಿಂಗಳಲ್ಲಿ, ಕೊರೊನಾ ಕಾಲದಲ್ಲಿ, ಮಾಲ್ಡೀವ್ಸ್‌ನಲ್ಲಿ ಸಿಕ್ಕಿಕೊಂಡಿದ್ದ ಸುಮಾರು 700 ಭಾರತೀಯರನ್ನು ಕೊಚ್ಚಿಗೆ ಕರೆತಂದದ್ದು ಇದೇ ಹಡಗು.

ಪೇಪರಿನಲ್ಲಿ "ಮರೀನ್ ಕಮಾಂಡೋ" ಅಂತ ಬಂದರೆ ಅದು ಮಾರ್ಕೋಸ್. 1987ರಲ್ಲಿ ಕಟ್ಟಿದ, ನೌಕಾಪಡೆಯದೇ ಆದ ಪಡೆ. 2008ರ ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನೊಳಗೆ ಹೋದವರು. ಕಾಶ್ಮೀರದ ವುಲ್ಲರ್ ಸರೋವರದಲ್ಲೂ ಕೆಲಸ ಮಾಡಿದವರು. ಆದರೆ ಇವರು ಚಿಕ್ಕ ಚಿಕ್ಕ ತಂಡಗಳಲ್ಲಿ ಗುಟ್ಟಾಗಿ ಹೋಗಿ ಬರುವವರು. ಸಾವಿರಗಟ್ಟಲೆ ಜನ ದಡ ಹಿಡಿಯುವ ಮರೀನ್ ಪಡೆ ಅಲ್ಲ. ಮಾರ್ಕೋಸ್‌ಗೆ ನೇರ ಭರ್ತಿ ಇಲ್ಲ. ಮೊದಲು ನೌಕಾಪಡೆ ಸೇರಬೇಕು, ಆಮೇಲೆ ತಾನಾಗಿ ಮುಂದೆ ಬರಬೇಕು. ಆಯ್ಕೆಯಲ್ಲಿ ಬಹಳ ಜನ ಉಳಿಯುವುದಿಲ್ಲ.

ಹಾಗಾಗಿ ಸಮುದ್ರದ ಆಸೆ ಇರುವ ಹುಡುಗರು ನೌಕಾಪಡೆಯ ಅಗ್ನಿವೀರ್‌ಗೆ ಅರ್ಜಿ ಹಾಕಿ. ಅದರಲ್ಲಿ ಎಂ.ಆರ್. (ಮೆಟ್ರಿಕ್ ರಿಕ್ರೂಟ್) ಆಗಲು ಎಸ್ಸೆಸ್ಸೆಲ್ಸಿ ಸಾಕು. ಎಸ್.ಎಸ್.ಆರ್. (ಸೀನಿಯರ್ ಸೆಕೆಂಡರಿ ರಿಕ್ರೂಟ್) ಬೇಕೆಂದರೆ ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಬೇಕು, ಆದ್ದರಿಂದ ಹತ್ತನೇ ಕ್ಲಾಸಿನಲ್ಲೇ ಯೋಚಿಸಿ. ಅರ್ಜಿ ನೌಕಾಪಡೆಯ ಅಧಿಕೃತ ವೆಬ್‌ಸೈಟಿನಲ್ಲಿ ಮಾತ್ರ. ಅಲ್ಲಿ ಕೇಳುವ ಪರೀಕ್ಷಾ ಶುಲ್ಕ ಬಿಟ್ಟು ಯಾರಿಗೂ ಒಂದು ರೂಪಾಯಿ ಕೊಡಬೇಡಿ. ಆಯ್ಕೆಯಾದರೆ ತರಬೇತಿ ಒಡಿಶಾದ ಚಿಲ್ಕಾದಲ್ಲಿ. ಸರಕು ಹಡಗಿನ ಕೆಲಸವೇ ಬೇಕು ಅನ್ನುವವರು, ಆ ಸಂಸ್ಥೆಗೆ ಕೇಂದ್ರ ಸರ್ಕಾರದ ಹಡಗು ನಿರ್ದೇಶನಾಲಯದ ಮಾನ್ಯತೆ ಇದೆಯಾ ಅಂತ ನೋಡಿ, ಆಮೇಲೆ ದುಡ್ಡು ಕಟ್ಟಿ.

ಓಟ ನಾನು ಕಲಿಸುತ್ತೇನೆ. ಬ್ರಿಟಿಷ್ ಮರೀನ್‌ಗಳು ತರಬೇತಿಯ ಕೊನೆಗೆ ಬೆನ್ನಿಗೆ ಭಾರ ಹೊತ್ತು 48 ಕಿಲೋಮೀಟರ್ ಗುಡ್ಡದ ದಾರಿಯನ್ನು ಎಂಟು ಗಂಟೆಯೊಳಗೆ ಮುಗಿಸಬೇಕು. ಮಂಡ್ಯದಿಂದ ಮೈಸೂರು ಮುಟ್ಟಿದರೂ ಇನ್ನೂ ಸ್ವಲ್ಪ ಉಳಿಯುತ್ತದೆ. ನಮ್ಮ ಹುಡುಗರ ಕಾಲಿಗೆ ಅದು ಕಷ್ಟವಾಗಲಾರದು. ಕಷ್ಟ ಇರುವುದು ಈಜಿನಲ್ಲಿ. ದಯವಿಟ್ಟು ವಿ.ಸಿ. ನಾಲೆಯಲ್ಲಿ ಕಲಿಯಬೇಡಿ. ಕಾಂಕ್ರೀಟ್ ಅಂಚು ಜಾರುತ್ತದೆ, ಹಿಡಿಯಲು ಒಂದು ಕಡ್ಡಿಯೂ ಸಿಗುವುದಿಲ್ಲ. ಕಲಿಸುವವರು ಇರುವ ಕೊಳಕ್ಕೆ ಹೋಗಿ.

ಆ ಹುಡುಗನ ದುಡ್ಡಿನಲ್ಲಿ ಅರ್ಧ ವಾಪಸ್ ಬಂತು. ಅದಕ್ಕೂ ನಾನು, ಅವರಪ್ಪ ನಾಲ್ಕು ಸಲ ಮೈಸೂರಿಗೆ ಅಲೆದೆವು. ಈಗ ಅವನು ಭಾನುವಾರ ಬೆಳಗಿನ ರೈಲು ಹತ್ತಿ ಮೈಸೂರಿನ ಸರಸ್ವತಿಪುರಂ ಈಜುಕೊಳಕ್ಕೆ ಹೋಗುತ್ತಾನೆ. ಹೋದ ವಾರ ನಿಲ್ಲದೆ ಈ ಕಡೆಯಿಂದ ಆ ಕಡೆ ಮುಟ್ಟಿದನಂತೆ. ಕೊಳದ ಕಟ್ಟೆಯಿಂದಲೇ ಫೋನ್ ಮಾಡಿದ್ದ. ಮಾತಿಗಿಂತ ಉಸಿರೇ ಜಾಸ್ತಿ ಕೇಳಿಸುತ್ತಿತ್ತು.